ಎರಡನೆಯ ತೋಟಾ

ಈ ವಾರ ನನ್ನ ಮೇಜಿನ ಮೇಲೆ ಮೂರು ಕೋವಿ.
ಮೂರೂ ತಾವೇ ತೋಟಾ ಎತ್ತಿಕೊಂಡು
ತಾವೇ ಸಿಪ್ಪೆ ಉಗುಳುವ ಜಾತಿ.
ಹೊರಗೆ ಲೂಯಿಸಿಯಾನದ ಕಂದು ನೀರು,
ಸೀಗಡಿ ದೋಣಿಗಳ ಡೀಸೆಲ್ ವಾಸನೆ
ಸೊಳ್ಳೆಪರದೆಯಲ್ಲಿ ಸೋಸಿಕೊಂಡು ಒಳಗೆ ಬರುತ್ತದೆ.
ನಾನು ಓಡೀಲ್. ಅಪ್ಪ ಬಿಟ್ಟುಹೋದದ್ದು
ಈ ಅಂಗಡಿ, ಈ ಇಕ್ಕಳ, ಈ ಕೆಮ್ಮು.

ಯಾವುದು ಒಳ್ಳೆಯದು ಹೇಳು, ಅನ್ನುತ್ತಾರೆ ಎಲ್ಲರೂ
ಕಲ್ಲಂಗಡಿ ತಟ್ಟಿ ನೋಡುವವರ ಹಾಗೆ.
ನಾನು ಹೇಳುವುದಿಲ್ಲ. ಬಿಚ್ಚುತ್ತೇನೆ.

ಮೊದಲನೆಯದು ಹಲ್ಲಿನ ಡಾಕ್ಟರು ನಾಕನ್ ಅವರದು.
ಭಾನುವಾರ ಭಾನುವಾರ ಮಣ್ಣಿನ ಬಿಲ್ಲೆ ಹಾರಿಸಿ
ನೂರಕ್ಕೆ ತೊಂಬತ್ತು ಪುಡಿ ಮಾಡುತ್ತಾರೆ, ಯಾರಿಗೂ ನೋವಿಲ್ಲ.
ಮದ್ದಿನ ಹೊಗೆಯನ್ನೇ ಕದ್ದು ಕೊಂತ ತಳ್ಳುವ ಕೋವಿ ಇದು.
ಹೆಗಲಿಗೆ ಮೆತ್ತಗೆ, ಹೊಟ್ಟೆಯೊಳಗೆ ಮಸಿ.
ಕೆರೆದಷ್ಟೂ ಬರುತ್ತದೆ, ಸಿಹಿತಿಂಡಿ ಪ್ರಿಯರ
ದವಡೆಯಿಂದ ಅವರು ಕೆರೆಯುವ ಹಾಗೆ.

ಎರಡನೆಯದು ಟೆರಿಯೋ ಅಣ್ಣತಮ್ಮಂದಿರ ಬಾತುಕೋಳಿ ಕೋವಿ.
ಒಳಗೆ ಏನುಂಟು, ಏನಿಲ್ಲ!
ಭತ್ತದ ಹೊಟ್ಟು, ಜೌಗಿನ ಕೆಸರು, ನಾಯಿಯ ಕೂದಲು,
ಮಧ್ಯೆ ಎಲ್ಲಿಂದಲೋ ಒಂದು ಗುಂಡಿ.
ಒದೆತವನ್ನೇ ಉಂಡು ಬದುಕುವ ಸ್ಪ್ರಿಂಗು ಇದರದು,
ಹೊಗೆ ಮುಟ್ಟದು, ಆದರೆ ಹೆಗಲು ನೀಲಿಗಟ್ಟುತ್ತದೆ.
ಚಿಕ್ಕ ತೋಟಾ ಕೊಟ್ಟರೆ ಮುನಿಸಿಕೊಳ್ಳುತ್ತದೆ.
ಹಿರಿಯವನು ಇದನ್ನು ಹುಟ್ಟಾಗಿಯೂ ಬಳಸುತ್ತಾನೆಂದು
ಕಿರಿಯವನ ದೂರು. ಹಿಡಿಯ ಗಾಯ ನೋಡಿದರೆ ನಿಜವಿರಬಹುದು.

ಮೂರನೆಯದು ಡೆಪ್ಯುಟಿ ಮಾರ್ಸೆಲ್ ವೆರ್ಡನ್‌ದು. ಕೆಲಸದ್ದು.
ಎರಡನೆಯದರ ಒಡಹುಟ್ಟು, ಅದೇ ಸ್ಪ್ರಿಂಗು, ಅದೇ ಒದೆತ.
ಬಿಚ್ಚಿದರೆ ಕಾರಿನ ಧೂಳು, ಒಣಗಿ ಅಂಟಾದ ಎಣ್ಣೆ,
ಚೂಯಿಂಗ್ ಗಮ್ಮಿನ ಬೆಳ್ಳಿ ಕಾಗದದ ಚೂರು.
ಹನ್ನೊಂದು ವರ್ಷ ಸೀಟಿನ ಪಕ್ಕ ನಿಂತೇ ಇದ್ದ ಕೋವಿ.
ನಳಿಗೆಯಲ್ಲಿ ಮಾತ್ರ ಹೊಸ ಮಸಿ,
ಒಂದೇ ಒಂದು ಗೆರೆ.

ಸಿಕ್ಕಿಕೊಂಡಿತು, ಅಂದ ಮಾರ್ಸೆಲ್,
ಟೋಪಿ ತೆಗೆಯದೆ.

ಸೀಗಡಿ ಗೋದಾಮು, ರಾತ್ರಿ ಎರಡು ಗಂಟೆ.
ಒಳಗೆ ಏನೋ ಲೋಹ ಮಿನುಗಿತು.
ಮೊದಲನೆಯದು ಬಾಗಿಲ ಚೌಕಟ್ಟಿಗೆ ಬಿತ್ತು.
ಎರಡನೆಯದು ಬರಲಿಲ್ಲ.
ಕುದುರೆ ಎಳೆದೆ, ಓಡೀಲ್, ಮತ್ತೆ ಎಳೆದೆ.
ಆಗ ಡೀಸೆಲ್ ಡಬ್ಬಿ ಕೆಳಗಿಟ್ಟು
ಕೈ ಎತ್ತಿಕೊಂಡು ಹೊರಗೆ ಬಂದ
ಹದಿನಾಲ್ಕು ವರ್ಷದವನು. ಚಪ್ಪಲಿಯೂ ಇರಲಿಲ್ಲ.

ನನಗೆ ಕಾರಣ ಗೊತ್ತಾಯಿತು, ಬಿಚ್ಚುವ ಮೊದಲೇ.
ಮೂತಿಯ ಕೆಳಗೆ ಹೋದ ತಿಂಗಳು ಇಲಾಖೆ ಕಟ್ಟಿಸಿದ
ಮುಷ್ಟಿ ಗಾತ್ರದ ಟಾರ್ಚು.
ಈ ಬಗೆಯ ಕೋವಿ ಹಗುರವಾಗಿ ಹಿಂದೆ ಹಾರಬೇಕು,
ಹಾರಿದರೆ ಸ್ಪ್ರಿಂಗು ಮುದುಡುತ್ತದೆ, ಮುದುಡಿದರೆ ಮುಂದಿನ ತೋಟಾ.
ಭಾರ ಹೆಚ್ಚಾದರೆ ಹಿಂಜರಿಯುತ್ತದೆ.
ಎಣ್ಣೆ ಬೇರೆ ಅಂಟು.
ಬೆಳಕು ಹೊತ್ತ ಕೋವಿ
ಎರಡನೇ ಹೆಜ್ಜೆಗೆ ಎಡವಿತು, ಅಷ್ಟೇ.

ಅಷ್ಟೇ ಅಂದೆ. ಅವನು ಕುರ್ಚಿ ಎಳೆದುಕೊಂಡು ಕೂತ.
ನಾನು ಕಾಫಿ ಬಗ್ಗಿಸಿದೆ.
ಕುಡಿಯಲಿಲ್ಲ.

ರಿಪೇರಿ ಆಗುತ್ತದಾ?
ಆಗುತ್ತದೆ. ಎಣ್ಣೆ ತೊಳೆದು, ಟಾರ್ಚು ಬಿಚ್ಚಿದರೆ.
ಟಾರ್ಚು ಬೇಕೇ ಬೇಕೆಂದರೆ ಡಾಕ್ಟರರ ಬಗೆಯದು ತಗೋ,
ಹೊಗೆಯಿಂದ ನಡೆಯುವುದು, ಭಾರಕ್ಕೆ ಜಗ್ಗದು,
ಎಂದೂ ತಪ್ಪದು.
ಎಂದೂ? ಅಂದ.
ಇಷ್ಟು ವರ್ಷದಲ್ಲಿ ಮೊದಲ ಸಲ
ಆ ಪದ ನನಗೂ ಕಚ್ಚಿತು.

ಅವನ ಫಾರಂ ಈಗ ನನ್ನ ಮುಂದಿದೆ.
ದೋಷ ಎಂಬ ಕಡೆ ಒಂದು ಗೆರೆ ಜಾಗ.
ತೊಳೆದಿದ್ದೇನೆ, ಒರೆಸಿದ್ದೇನೆ, ಸ್ಪ್ರಿಂಗು ಹೊಸದು.
ಟೆರಿಯೋಗಳ ಗುಂಡಿ ಲಕೋಟೆಗೆ ಹಾಕಿ ಹೆಸರು ಬರೆದೆ.
ಡಾಕ್ಟರರ ಬಿಲ್ಲೂ ಬರೆದೆ.

ಆ ಎರಡನೆಯ ತೋಟಾವನ್ನು ಮಾರ್ಸೆಲ್ ಬಿಟ್ಟುಹೋಗಿದ್ದಾನೆ.
ಕೆಂಪು ಪ್ಲಾಸ್ಟಿಕ್ಕು, ಹಿತ್ತಾಳೆ ಬುಡ, ಒಂಬತ್ತು ದಪ್ಪ ಚರೆ.
ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದ್ದೇನೆ.
ದೋಣಿ ಹೋದಾಗೆಲ್ಲ
ಸಣ್ಣಗೆ ಅಲುಗುತ್ತದೆ, ಬೀಳುವುದಿಲ್ಲ.

ದೋಷದ ಗೆರೆ
ಇನ್ನೂ ಖಾಲಿ.